ಟ್ಯೂಬ್ ಹೆಡ್‌ಫೋನ್ ಆಂಪ್ಲಿಫೈಯರ್‌ನಲ್ಲಿ ಗುಂಯ್ ಸದ್ದು: ಅದು ಎಲ್ಲಿಂದ ಬರುತ್ತದೆ, ಹುಡುಕುವುದು ಹೇಗೆ

ಮನೆಯಲ್ಲಿ ವಾಲ್ವ್ ರೇಡಿಯೊ ಇಟ್ಟುಕೊಂಡು ಬೆಳೆದವರಿಗೆ ಗಾಜಿನ ಟ್ಯೂಬು ಹೊಸದಲ್ಲ. ಸ್ವಿಚ್ ಒತ್ತಿದ ಮೇಲೆ ಅದು ಬಿಸಿಯೇರುವ ತನಕ ಸುಮ್ಮನೆ ಕೂರಬೇಕಾಗಿದ್ದದ್ದು, ಆಮೇಲೆ ಆಕಾಶವಾಣಿಯ ದನಿ ಮೆಲ್ಲಗೆ ಏರಿ ಬರುತ್ತಿದ್ದದ್ದು ಅವರ ನೆನಪಿನಲ್ಲಿರುತ್ತದೆ. ಅದೇ ಟ್ಯೂಬು ಈಗ ಚಿಕ್ಕ ಪೆಟ್ಟಿಗೆಯೊಂದರಲ್ಲಿ, ಹೆಡ್‌ಫೋನ್‌ಗೆ ಶಕ್ತಿ ತುಂಬುವ ಆಂಪ್ಲಿಫೈಯರ್ ಆಗಿ ಮರಳಿ ಬಂದಿದೆ. ಆನ್‌ಲೈನ್‌ನಲ್ಲಿ ಸಿದ್ಧ ಪೆಟ್ಟಿಗೆಗಳೂ ಸಿಗುತ್ತವೆ, ನಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕಿಟ್‌ಗಳೂ ಸಿಗುತ್ತವೆ. ತರಿಸಿಕೊಂಡವರಲ್ಲಿ ಅನೇಕರು ಮೊದಲ ದಿನವೇ ಎದುರಿಸುವ ತೊಂದರೆ ಒಂದೇ: ಹಾಡಿನ ಹಿಂದೆ ಬಿಡದೆ ಕೇಳುವ ಗುಂಯ್ ಸದ್ದು.

ಕಲಬುರಗಿಯ ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಹಳೆಯ ತತ್ವಪದಗಳನ್ನೂ ಖಯಾಲ್ ಗಾಯನವನ್ನೂ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳುವ ಆಸೆಯಿಂದ ಅವರು ಇಂಥದ್ದೊಂದು ಕಿಟ್ ತರಿಸಿ, ಮೊಮ್ಮಗನ ಕೈಯಲ್ಲಿ ಜೋಡಿಸಿಕೊಂಡಿದ್ದರು. ಎರಡು ವರ್ಷ ಚೆನ್ನಾಗಿ ನಡೆದ ಪೆಟ್ಟಿಗೆಯನ್ನು ಒಂದು ಏಪ್ರಿಲ್ ತಿಂಗಳಲ್ಲಿ ನನ್ನ ಬಳಿ ತಂದಾಗ ಅವರು ಹೇಳಿದ ಮಾತು: "ಹಾಡ ಛಲೊ ಕೇಳಸ್ತದರಿ, ಖರೆ ಹಿಂದ ದುಂಬಿ ಗುಂಯ್ ಅಂದಂಗ ಆಗ್ತದ." ಆ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ದುಂಬಿಯಲ್ಲ, ಮೂರು. ಈ ಸದ್ದಿನ ವಿಷಯದಲ್ಲಿ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ಸದ್ದು ಒಂದಾಗಿ ಕೇಳುವುದರಿಂದ ಕಾರಣವೂ ಒಂದೇ ಎಂದು ನಂಬಿ, ಕೈಗೆ ಸಿಕ್ಕ ಭಾಗವನ್ನೆಲ್ಲ ಬದಲಿಸುತ್ತ ಹೋಗುತ್ತಾರೆ.

ಟ್ಯೂಬಿನ ಒಳಗೆ ನಡೆಯುವುದೇನು

ಗೋಡೆಯ ಸಾಕೆಟ್‌ನಲ್ಲಿ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಒಂದೇ ದಿಕ್ಕಿನಲ್ಲಿ ಹರಿಯದೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಈ ಓಲಾಟದ ಎಣಿಕೆಯೇ 50 ಹರ್ಟ್ಸ್. ನಮ್ಮ ಕಿವಿ ಸುಮಾರು 20 ಹರ್ಟ್ಸ್‌ನಿಂದ ಮೇಲಿನ ಕಂಪನಗಳನ್ನು ಕೇಳಬಲ್ಲದಾದ್ದರಿಂದ, ಈ ಓಲಾಟದ ಒಂದು ಚೂರು ಹಾಡಿನ ದಾರಿಗೆ ಸೇರಿಕೊಂಡರೂ ಅದು ಮಂದ್ರದ ಗುಂಯ್ ಸದ್ದಾಗಿ ಕೇಳುತ್ತದೆ. ಆಡಿಯೊ ಕೆಲಸದವರು ಇದನ್ನು ಹಮ್ ಎನ್ನುತ್ತಾರೆ.

ಆಂಪ್ಲಿಫೈಯರ್ ಎಂದರೆ ಮೊಬೈಲ್ ಅಥವಾ ಲ್ಯಾಪ್‌ಟಾಪಿನಿಂದ ಬಂದ ದುರ್ಬಲ ಸಂಕೇತದ ಆಕಾರವನ್ನು ಕೆಡಿಸದೆ ಅದಕ್ಕೆ ಬಲ ಕೊಡುವ ಉಪಕರಣ. ಟ್ಯೂಬಿನಲ್ಲಿ ಈ ಕೆಲಸ ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ನಡೆಯುತ್ತದೆ. ಒಳಗಿನ ಹೀಟರ್ ಎಂಬ ತಂತಿ ಕೆಂಪಗೆ ಕಾದು, ತನ್ನನ್ನು ಸುತ್ತುವರಿದ ಕ್ಯಾಥೋಡ್ ಎಂಬ ಕೊಳವೆಯನ್ನು ಬಿಸಿ ಮಾಡುತ್ತದೆ. ಬಿಸಿಯಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ಹೆಚ್ಚು ವೋಲ್ಟೇಜ್ ಇರುವ ಪ್ಲೇಟಿನ ಕಡೆಗೆ ಹಾರುತ್ತವೆ. ನಡುವೆ ಗ್ರಿಡ್ ಎಂಬ ಜಾಲರಿಯಿದೆ. ಹಾಡಿನ ಸಂಕೇತವನ್ನು ಈ ಗ್ರಿಡ್‌ಗೆ ಕೊಡುತ್ತಾರೆ. ಗ್ರಿಡ್‌ನ ವೋಲ್ಟೇಜ್ ಕೊಂಚ ಹೆಚ್ಚು ಕಡಿಮೆಯಾದರೂ ಪ್ಲೇಟಿಗೆ ತಲುಪುವ ಎಲೆಕ್ಟ್ರಾನುಗಳ ಹರಿವು ಬಹಳ ಬದಲಾಗುತ್ತದೆ. ಹೊಲದ ಕಾಲುವೆಯ ಬಾಗಿಲನ್ನು ಒಂದು ಬೆರಳಷ್ಟು ಎತ್ತಿದರೆ ಮಡಿಗೆ ಹೋಗುವ ನೀರು ಎಷ್ಟು ಬದಲಾಗುತ್ತದೆಯೋ ಹಾಗೆ. ಗ್ರಿಡ್ ಇಲ್ಲದ ಟ್ಯೂಬನ್ನು 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ರೂಪಿಸಿದರು, ಗ್ರಿಡ್ ಸೇರಿಸಿದ್ದು 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಹಿಂದೆ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಬೆಲ್ ಎಂದು ಅಚ್ಚಾಗಿರುವ ಆ ಟ್ಯೂಬುಗಳು ಹಳೆಯ ರೇಡಿಯೊಗಳಲ್ಲಿ ಇಂದಿಗೂ ಸಿಗುತ್ತವೆ.

ಹೀಟರ್ ಕಾಯುವುದೂ ಸಾಕೆಟ್‌ನ ವಿದ್ಯುತ್ತಿನಿಂದ, ಪ್ಲೇಟಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟುವುದೂ ಅದರಿಂದಲೇ. 50 ಹರ್ಟ್ಸ್‌ನ ಓಲಾಟ ಈ ಪೆಟ್ಟಿಗೆಯಲ್ಲಿ ಎಲ್ಲೆಡೆ ಇರುತ್ತದೆ. ಅದನ್ನು ಹಾಡಿನ ದಾರಿಯಿಂದ ದೂರವಿಡುವುದೇ ವಿನ್ಯಾಸದ ಮುಖ್ಯ ಕಷ್ಟ.

ಸ್ಪೀಕರ್‌ನಲ್ಲಿ ಕೇಳದ್ದು ಹೆಡ್‌ಫೋನ್‌ನಲ್ಲಿ ಏಕೆ ಕೇಳುತ್ತದೆ

ಹೆಡ್‌ಫೋನ್ ಕಿವಿಗೆ ಅಂಟಿಕೊಂಡೇ ಇರುವುದರಿಂದ ಅದಕ್ಕೆ ಬೇಕಾದ ಶಕ್ತಿ ಬಹಳ ಕಡಿಮೆ. ಒಂದು ಮಿಲಿವಾಟ್‌ಗೆ 100 ಡೆಸಿಬೆಲ್ ಸದ್ದು ಮಾಡುವ, 32 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸಾಮಾನ್ಯ ಹೆಡ್‌ಫೋನನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಷ್ಟು ಸದ್ದಿಗೆ ಅದಕ್ಕೆ ಸುಮಾರು 0.18 ವೋಲ್ಟ್ ಸಾಕು. ಅಂದರೆ ಒಂದೇ ಒಂದು ಮಿಲಿವೋಲ್ಟ್‌ನ ಹಮ್ ಕೂಡ ಅದರಲ್ಲಿ 55 ಡೆಸಿಬೆಲ್‌ನಷ್ಟು ಸದ್ದು ಮಾಡುತ್ತದೆ. 100 ಹರ್ಟ್ಸ್‌ನ ಸದ್ದು ಸುಮಾರು 27 ಡೆಸಿಬೆಲ್ ದಾಟಿದರೆ ಮನುಷ್ಯನ ಕಿವಿಗೆ ಕೇಳತೊಡಗುತ್ತದೆ, 50 ಹರ್ಟ್ಸ್‌ನದು ಕೇಳಲು ಸುಮಾರು 44 ಡೆಸಿಬೆಲ್ ಬೇಕು. ಹೀಗಾಗಿ ಒಂದು ಮಿಲಿವೋಲ್ಟ್ ಕೂಡ ಸ್ಪಷ್ಟವಾಗಿಯೇ ಕೇಳುತ್ತದೆ. ಅಷ್ಟೇ ಸಂವೇದನೆಯ 300 ಓಮ್‌ನ ಹೆಡ್‌ಫೋನ್‌ನಲ್ಲಿ ಅದೇ ಒಂದು ಮಿಲಿವೋಲ್ಟ್ ಸುಮಾರು 45 ಡೆಸಿಬೆಲ್ ಸದ್ದು ಮಾಡುತ್ತದೆ. ಅಲ್ಲಿ 50 ಹರ್ಟ್ಸ್‌ನ ಹಮ್ ಕೇಳುವ ಅಂಚಿನಲ್ಲಷ್ಟೇ ಇರುತ್ತದೆ.

ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ನಾವು ಬಳಸುತ್ತಿರುವ ಹೆಡ್‌ಫೋನ್ ಈ ಆಂಪ್ಲಿಫೈಯರ್‌ಗೆ ಹೊಂದುತ್ತದೆಯೇ ಎಂಬುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಟ್ಯೂಬೇ ನೇರವಾಗಿ ಹೆಡ್‌ಫೋನನ್ನು ನಡೆಸುವ ವಿನ್ಯಾಸಗಳು 250ರಿಂದ 600 ಓಮ್‌ನ ಹೆಡ್‌ಫೋನ್‌ಗಳಿಗಾಗಿಯೇ ಮಾಡಿದವು. ಅಂಥ ಪೆಟ್ಟಿಗೆಗೆ ಮೊಬೈಲ್‌ಗೆ ಬಳಸುವ 16 ಓಮ್‌ನ ಇಯರ್‌ಫೋನ್ ಸಿಕ್ಕಿಸಿ ಹಮ್ ಕೇಳುತ್ತದೆ ಎಂದರೆ ಪೆಟ್ಟಿಗೆಯಲ್ಲಿ ದೋಷವೇ ಇರಬೇಕೆಂದಿಲ್ಲ.

ಬಿಚ್ಚುವ ಮುನ್ನ: ಜೀವದ ಮಾತು

ಇದನ್ನು ಓದದೆ ಮುಂದೆ ಹೋಗಬೇಡಿ. ಟ್ಯೂಬ್ ಆಂಪ್ಲಿಫೈಯರ್ ಒಳಗೆ ಸಾಮಾನ್ಯವಾಗಿ 150ರಿಂದ 300 ವೋಲ್ಟ್‌ನ ನೇರ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕಂಡೆನ್ಸರ್‌ಗಳಲ್ಲಿ, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗಗಳಲ್ಲಿ, ಉಳಿದಿರುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಪ್ಲಗ್ ಕಿತ್ತು ಕೆಲವು ನಿಮಿಷ ಕಾದು, ಸುಮಾರು 10 ಕಿಲೊ ಓಮ್, 5 ವಾಟ್‌ನ ರೆಸಿಸ್ಟರ್ ಒಂದನ್ನು ಪ್ಲಾಸ್ಟಿಕ್ ಹಿಡಿಕೆಯ ಕ್ಲಿಪ್‌ಗಳಿಂದ ದೊಡ್ಡ ಕಂಡೆನ್ಸರ್‌ನ ಎರಡು ಕಾಲುಗಳ ನಡುವೆ ಹಿಡಿದು ಖಾಲಿ ಮಾಡಬೇಕು. ಖಾಲಿಯಾಯಿತೆಂದು ಊಹಿಸದೆ ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಪೆಟ್ಟಿಗೆ ತೆರೆದು ಅಳತೆ ಮಾಡುವಾಗ ಹೆಡ್‌ಫೋನ್ ತಲೆಯ ಮೇಲಿರಬಾರದು. 12 ವೋಲ್ಟ್ ಅಡಾಪ್ಟರ್‌ನಿಂದ ನಡೆಯುವ ಪುಟ್ಟ ಕಿಟ್‌ಗಳೂ ಕೆಲವು ಒಳಗೆ ಆ ವೋಲ್ಟೇಜನ್ನು ಏರಿಸಿಕೊಳ್ಳುತ್ತವೆ. ಅವುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಈ ಕೆಲಸ ಕೈವಶವಿಲ್ಲದವರು ಮುಂದೆ ಹೇಳಲಿರುವ, ಪೆಟ್ಟಿಗೆಯ ಹೊರಗಿನ ಪರೀಕ್ಷೆಗಳನ್ನಷ್ಟೇ ಮಾಡಿ, ಫಲವನ್ನು ಕಾಗದದಲ್ಲಿ ಬರೆದು, ಹಳೆಯ ರೇಡಿಯೊ ಬಲ್ಲ ರಿಪೇರಿಯವರ ಕೈಗೆ ಒಪ್ಪಿಸಬಹುದು. ಆ ಒಂದು ಚೀಟಿಯಿಂದ ಅವರ ಅರ್ಧ ಕೆಲಸ ಮುಗಿದಿರುತ್ತದೆ.

ಕಿವಿಯಿಂದಲೇ ಎಷ್ಟು ತಿಳಿಯುತ್ತದೆ

ಹಮ್‌ಗೆ ಎರಡು ಮುಖ್ಯ ದನಿಗಳಿವೆ. 50 ಹರ್ಟ್ಸ್‌ನದು ದುಂಡಗಿನ, ಆಳದ ದನಿ. 100 ಹರ್ಟ್ಸ್‌ನದು ಅದಕ್ಕಿಂತ ಒಂದು ಸಪ್ತಕ ಮೇಲಿನದು, ಕೊಂಚ ಗಡುಸು. ಸಂಗೀತ ಕೇಳುವ ಅಭ್ಯಾಸವಿರುವವರಿಗೆ ಒಂದು ಗುರುತು ಹೇಳಬಹುದು. ಕಾಳಿ ಒಂದಕ್ಕೆ ಶ್ರುತಿ ಮಾಡಿದ ಗಂಡುದನಿಯ ತಂಬೂರಿಯಲ್ಲಿ ಷಡ್ಜ ಸುಮಾರು 139 ಹರ್ಟ್ಸ್, ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಸ್. 50 ಹರ್ಟ್ಸ್‌ನ ಹಮ್ ಖರ್ಜಕ್ಕಿಂತಲೂ ಕೆಳಗಿದೆ, 100 ಹರ್ಟ್ಸ್‌ನದು ಖರ್ಜಕ್ಕೂ ಷಡ್ಜಕ್ಕೂ ನಡುವೆ ಬಂದು ಕೂರುತ್ತದೆ. ಎರಡೂ ಷಡ್ಜಕ್ಕೆ ಹೊಂದುವುದಿಲ್ಲ. ಆಲಾಪದ ಹೊತ್ತಿನಲ್ಲಿ ಈ ಸದ್ದು ಇಷ್ಟೊಂದು ಕಾಡುವುದು ಈ ಕಾರಣಕ್ಕೆ: ಬೇಡದ ಶ್ರುತಿಯೊಂದು ಸದಾ ಹಿಡಿದುಕೊಂಡೇ ಇರುತ್ತದೆ.

ದುಂಡಗಿನ 50 ಹರ್ಟ್ಸ್ ಕೇಳಿದರೆ ಹೀಟರ್ ತಂತಿಗಳು, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ, ಕಳಚಿದ ಇನ್‌ಪುಟ್ ಕೇಬಲ್, ಅರ್ಥಿಂಗ್‌ನ ತೊಂದರೆ ಇವುಗಳ ಮೇಲೆ ಅನುಮಾನ ಪಡಬೇಕು. 100 ಹರ್ಟ್ಸ್ ಆದರೆ ಮೊದಲ ಅನುಮಾನ ಪ್ಲೇಟಿಗೆ ಬೇಕಾದ ವೋಲ್ಟೇಜ್ ಒದಗಿಸುವ ಪವರ್ ಸಪ್ಲೈ ಮೇಲೆ, ಕಾರಣ ಮುಂದೆ ಬರುತ್ತದೆ. ಝರ್ರ್ ಎಂಬ ಚೂಪು ಸದ್ದಾದರೆ ಹೊರಗಿನ ಉಪಕರಣಗಳತ್ತ ನೋಡಬೇಕು. ಗುಬ್ಬಿ ತಿರುಗಿಸಿದಂತೆ ವೇಗ ಮೆಲ್ಲಗೆ ಬದಲಾಗುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್‌ಗಳು ಪ್ರತಿ ಓಲಾಟದಲ್ಲೂ ವಿದ್ಯುತ್ತನ್ನು ಕತ್ತರಿಸಿ ಕೊಡುತ್ತವೆ, ಆ ಕತ್ತರಿಯ ಅಂಚು ಆಡಿಯೊದಲ್ಲಿ ಕೇಳುತ್ತದೆ. 1, 2, 3 ಎಂದು ಹಂತವಿರುವ ಕಂಡೆನ್ಸರ್ ರೆಗ್ಯುಲೇಟರ್‌ಗಳಲ್ಲಿ ಈ ತೊಂದರೆಯಿಲ್ಲ. ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಉಂಟು. ಕರೆಂಟ್ ಹೋಗಿ ಇನ್ವರ್ಟರ್ ಹೊತ್ತಿಕೊಂಡ ಕ್ಷಣದಿಂದ ಸದ್ದು ಒರಟಾದರೆ, ಆ ಇನ್ವರ್ಟರ್ ದುಂಡಗಿನ ಅಲೆಯ ಬದಲು ಚೌಕದ ಅಲೆ ಕೊಡುವಂಥದ್ದು ಎಂದು ತಿಳಿಯಬಹುದು. ಅದಕ್ಕೆ ಆಂಪ್ಲಿಫೈಯರ್ ರಿಪೇರಿ ಪರಿಹಾರವಲ್ಲ.

ಹೆಡ್‌ಫೋನ್ ಕಳಚಿಟ್ಟರೂ ಪೆಟ್ಟಿಗೆಯಿಂದಲೇ ಸದ್ದು ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ತಗಡುಗಳು ನಡುಗುವ ಸದ್ದು. ಅದು ಬೇರೆಯೇ ವಿಷಯ.

ಸುರಂಗ ಬಾವಿಯ ಕ್ರಮ

ಬೀದರ್‌ನ ನೌಬಾದ್ ಬಳಿ ಬಹಮನಿ ಕಾಲದ ಸುರಂಗ ಬಾವಿಯಿದೆ. ನೆಲದಡಿಯ ನೀರನ್ನು ಸುರಂಗದಲ್ಲಿ ದೂರದ ತನಕ ಹರಿಸಿಕೊಂಡು ಹೋಗುವ ವ್ಯವಸ್ಥೆ ಅದು. ದಾರಿಯುದ್ದಕ್ಕೂ ನಡುನಡುವೆ ಮೇಲಿನಿಂದ ಇಳಿಬಿಟ್ಟ ಬಾಯಿಗಳಿವೆ. ಕೊನೆಯಲ್ಲಿ ಕೆಸರು ನೀರು ಬರುತ್ತಿದೆ ಎನ್ನಿ. ಇಡೀ ಸುರಂಗ ಅಗೆಯಬೇಕಿಲ್ಲ. ನಡುವಿನ ಒಂದು ಬಾಯಿಯಲ್ಲಿ ಬಗ್ಗಿ ನೋಡಿದರೆ ಸಾಕು. ಅಲ್ಲಿ ನೀರು ತಿಳಿಯಾಗಿದ್ದರೆ ಕೆಸರು ಸೇರುತ್ತಿರುವುದು ಅದರಿಂದ ಮುಂದೆ, ಅಲ್ಲೂ ಕೆಸರಿದ್ದರೆ ಅದಕ್ಕಿಂತ ಹಿಂದೆ. ಹಮ್ ಹುಡುಕುವ ಕ್ರಮವೂ ಇದೇ.

ಆಂಪ್ಲಿಫೈಯರ್‌ನಲ್ಲಿ ಎಲ್ಲರಿಗೂ ಎಟಕುವ ಬಾಯಿ ಎಂದರೆ ವಾಲ್ಯೂಮ್ ಗುಬ್ಬಿ. ಅದನ್ನು ಪೂರ್ತಿ ಕಡಿಮೆ ಮಾಡಿದಾಗ ಹಮ್ ಹೋದರೆ, ಅದು ಗುಬ್ಬಿಗಿಂತ ಹಿಂದಿನಿಂದ, ಅಂದರೆ ಕೇಬಲ್, ಇನ್‌ಪುಟ್ ಸಾಕೆಟ್, ಲ್ಯಾಪ್‌ಟಾಪ್ ಕಡೆಯಿಂದ ಬರುತ್ತಿದೆ. ಗುಬ್ಬಿ ತಿರುಗಿಸಿದರೂ ಹಮ್ ಕದಲದಿದ್ದರೆ ಅದು ಗುಬ್ಬಿಯಿಂದ ಮುಂದೆ, ಅಂದರೆ ಟ್ಯೂಬು, ಹೀಟರ್ ಅಥವಾ ಪವರ್ ಸಪ್ಲೈನಲ್ಲಿ ಸೇರುತ್ತಿದೆ. ಗುಬ್ಬಿ ನಡುವಿನಲ್ಲಿದ್ದಾಗ ಹೆಚ್ಚು, ಎರಡೂ ತುದಿಗಳಲ್ಲಿ ಕಡಿಮೆ ಇದ್ದರೆ ಗುಬ್ಬಿಯಿಂದ ಗ್ರಿಡ್‌ಗೆ ಹೋಗುವ ತಂತಿ ಹಮ್ಮನ್ನು ಎಳೆದುಕೊಳ್ಳುತ್ತಿದೆ ಎಂದು ಅರ್ಥ, ಏಕೆಂದರೆ ನಡುವಿನ ಸ್ಥಾನದಲ್ಲೇ ಆ ತಂತಿಯ ಹಿಂದಿನ ಪ್ರತಿರೋಧ ಅತಿ ಹೆಚ್ಚಾಗಿರುತ್ತದೆ. ಗುಬ್ಬಿಯ ಲೋಹದ ಭಾಗ ಮುಟ್ಟಿದಾಗ ಸದ್ದು ಬದಲಾದರೆ ಆ ಲೋಹ ಪೆಟ್ಟಿಗೆಯ ಅರ್ಥ್‌ಗೆ ಸೇರಿಲ್ಲ.

ಎರಡನೆಯ ಪರೀಕ್ಷೆಗೆ ಇನ್‌ಪುಟ್ ಕೇಬಲನ್ನು ಪೂರ್ತಿ ಕಿತ್ತುಬಿಡಿ. ಖಾಲಿ ಸಾಕೆಟ್ ತಾನೇ ಒಂದಿಷ್ಟು ಹಮ್ ಹಿಡಿಯುವುದರಿಂದ, ಒಳಗಿನ ಪಿನ್ನನ್ನು ಹೊರ ಉಂಗುರಕ್ಕೆ ಬೆಸೆದ ಒಂದು ಖಾಲಿ ಪ್ಲಗ್ ಮಾಡಿಸಿಟ್ಟುಕೊಂಡು ಪ್ರತಿ ಇನ್‌ಪುಟ್‌ಗೂ ಸಿಕ್ಕಿಸಬೇಕು. ಹಾಗೆ ಮಾಡಿದಾಗ ಪೆಟ್ಟಿಗೆ ಶಾಂತವಾದರೆ ಅದರ ಒಳಗೆ ಕೈ ಹಾಕುವ ಅಗತ್ಯವೇ ಇಲ್ಲ.

ಮೂರನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಟ್ಯೂಬ್ ಆಂಪ್ಲಿಫೈಯರ್‌ನ ಸ್ವಿಚ್ ಆರಿಸಿದ ಮೇಲೂ ಕ್ಯಾಥೋಡಿನ ಬಿಸಿ ಮತ್ತು ಕಂಡೆನ್ಸರ್‌ನಲ್ಲಿ ಉಳಿದ ವಿದ್ಯುತ್ತಿನಿಂದ ಹಾಡು ಕೆಲವು ಸೆಕೆಂಡು ನಡೆಯುತ್ತಲೇ ಇರುತ್ತದೆ. ಆ ಸೆಕೆಂಡುಗಳಲ್ಲಿ ಕಿವಿಗೊಡಿ. ಸ್ವಿಚ್ ಆರಿಸಿದೊಡನೆ ಹಮ್ ನಿಂತು ಹಾಡು ಮಾತ್ರ ಉಳಿದರೆ, ಹಮ್ ಹುಟ್ಟುತ್ತಿರುವುದು ಈ ಪೆಟ್ಟಿಗೆಯ ಒಳಗಿನ ಓಲಾಟದಿಂದಲೇ. ಹಾಡಿನ ಜತೆ ಹಮ್ ಕೂಡ ಉಳಿದು, ಎರಡೂ ಒಟ್ಟಿಗೆ ಆರುತ್ತ ಹೋದರೆ, ಅದು ಬಹುಮಟ್ಟಿಗೆ ಹೊರಗಿನಿಂದ ಬರುತ್ತಿದೆ.

ಒಂದು ಕಿವಿಯಲ್ಲಷ್ಟೇ ಹಮ್ ಇದ್ದು, ಎಡಕ್ಕೊಂದು ಬಲಕ್ಕೊಂದು ಟ್ಯೂಬ್ ಇದ್ದರೆ, ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಎರಡನ್ನೂ ಅದಲುಬದಲು ಮಾಡಿ. ಹಮ್ ಇನ್ನೊಂದು ಕಿವಿಗೆ ಹೋದರೆ ದೋಷ ಟ್ಯೂಬಿನದು, ಅಲ್ಲೇ ಉಳಿದರೆ ವೈರಿಂಗ್‌ನದು. ಬೇರೆ ಟ್ಯೂಬ್ ಹಾಕಿ ನೋಡುವಾಗ ಎಚ್ಚರ ಬೇಕು: ಇಸಿಸಿ82 ಮತ್ತು ಇಸಿಸಿ88 ಎರಡೂ 9 ಪಿನ್ನಿನವು, ನೋಡಲು ಒಂದೇ ಥರ, ಆದರೆ ಅವುಗಳ ಹೀಟರ್ ಪಿನ್‌ಗಳ ಜೋಡಣೆ ಬೇರೆ. ಇನ್ನು ಮೊದಲ ಟ್ಯೂಬನ್ನು ಕಿತ್ತು ಪರೀಕ್ಷಿಸಿ ಎಂಬ ಸಲಹೆ ಕೆಲವೆಡೆ ಕೇಳಿಬರುತ್ತದೆ. ಮೊದಲ ಟ್ಯೂಬಿನ ಪ್ಲೇಟು ನಡುವೆ ಕಂಡೆನ್ಸರ್ ಇಲ್ಲದೆ ನೇರವಾಗಿ ಎರಡನೆಯದರ ಗ್ರಿಡ್‌ಗೆ ಸೇರಿರುವ ವಿನ್ಯಾಸದಲ್ಲಿ ಹಾಗೆ ಮಾಡಿದರೆ ಪೂರ್ತಿ ವೋಲ್ಟೇಜ್ ಆ ಗ್ರಿಡ್‌ಗೆ ಬಿದ್ದು ಎರಡನೆಯ ಟ್ಯೂಬ್ ಸುಡಬಹುದು. ಸರ್ಕ್ಯೂಟಿನ ನಕ್ಷೆ ನೋಡದೆ ಈ ಪರೀಕ್ಷೆ ಮಾಡಕೂಡದು.

ಅರ್ಥಿಂಗ್: ಮೂರನೆಯ ಪಿನ್ನಿನ ಕಥೆ

ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯ ಮೇಲೆ ನಡೆಸಿ ನೋಡಿ, ಅಥವಾ ಅದರ ಬದಲು ಮೊಬೈಲ್ ಸಿಕ್ಕಿಸಿ ನೋಡಿ. ಹಮ್ ಹೋಯಿತೆಂದರೆ ತೊಂದರೆ ಇರುವುದು ಎರಡು ಉಪಕರಣಗಳ ಅರ್ಥ್ ಸಂಬಂಧದಲ್ಲಿ. ಕಂಪ್ಯೂಟರ್ ಒಂದು ಸಾಕೆಟ್‌ನ ಮೂರನೆಯ ಪಿನ್ನಿನ ಮೂಲಕ ನೆಲಕ್ಕೆ ಸೇರಿದೆ, ಆಂಪ್ಲಿಫೈಯರ್ ಇನ್ನೊಂದು ಸಾಕೆಟ್‌ನ ಮೂಲಕ. ಆಡಿಯೊ ಕೇಬಲ್‌ನ ಹೊರಬಲೆ ಇವೆರಡನ್ನೂ ಜೋಡಿಸಿದಾಗ ತಂತಿಯದೊಂದು ಸುತ್ತು ಪೂರ್ಣವಾಗುತ್ತದೆ. ಎರಡು ಅರ್ಥ್‌ಗಳ ನಡುವೆ ಇರುವ ಅಲ್ಪ ವ್ಯತ್ಯಾಸವೂ ಆ ಸುತ್ತಿನಲ್ಲಿ ವಿದ್ಯುತ್ ಹರಿಸಿ, ಹಾಡು ಹೋಗುವ ಕೇಬಲ್‌ನಲ್ಲೇ ಹಮ್ ಬೆರೆಸುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಸಿಕ್ಕಿಸಿದರೆ ಎಷ್ಟೋ ಸಲ ಇಷ್ಟರಿಂದಲೇ ಗುಣ ಕಾಣುತ್ತದೆ. ಆಗದಿದ್ದರೆ ನಡುವೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಇಲ್ಲವೇ ತಂತಿಯ ಬದಲು ಬೆಳಕಿನಲ್ಲಿ ಸಂಕೇತ ಸಾಗಿಸುವ ಆಪ್ಟಿಕಲ್ ಕೇಬಲ್ ಬಳಸಬಹುದು.

ಅರ್ಥ್ ಪಿನ್ ಕತ್ತರಿಸಿದರೂ ಈ ಸುತ್ತು ಮುರಿಯುತ್ತದೆ, ಹಮ್ಮೂ ನಿಲ್ಲುತ್ತದೆ. ಕೆಲವರು ಇದನ್ನೇ ಉಪಾಯವೆಂದು ಹೇಳಿಕೊಡುತ್ತಾರೆ. ದಯವಿಟ್ಟು ಎಂದಿಗೂ ಹಾಗೆ ಮಾಡಬೇಡಿ. ಟ್ರಾನ್ಸ್‌ಫಾರ್ಮರ್‌ನ ನಿರೋಧ ಒಡೆದು 230 ವೋಲ್ಟ್ ಲೋಹದ ಪೆಟ್ಟಿಗೆಗೆ ಬಂದ ದಿನ, ಅದನ್ನು ನೆಲಕ್ಕಿಳಿಸಿ ಫ್ಯೂಸ್ ಹಾರಿಸುವ ದಾರಿ ಆ ಪಿನ್ ಒಂದೇ. ಅದಿಲ್ಲದಿದ್ದರೆ ವಿದ್ಯುತ್ ದಾರಿ ಹುಡುಕುವುದು ಹೆಡ್‌ಫೋನ್ ತಂತಿಯ ಮೂಲಕ, ತಲೆಗೆ.

ಕಲಬುರಗಿ, ಯಾದಗಿರಿ ಕಡೆಯ ಹಳೆಯ ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯೂ ಕಾಣುತ್ತದೆ: ಸಾಕೆಟ್‌ಗೆ ಮೂರು ತೂತುಗಳಿದ್ದರೂ ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ನೆಲದ ಗುಂಡಿ ಒಣಗಿರುತ್ತದೆ. ನಮ್ಮ ಕರಿ ಎರೆಮಣ್ಣು ತೇವವಿದ್ದಾಗ ವಿದ್ಯುತ್ತನ್ನು ಚೆನ್ನಾಗಿಯೇ ಹರಿಸುತ್ತದೆ, ಆದರೆ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಕಂಬಿಯ ಸುತ್ತ ಸಂದು ಬೀಳುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವ ಹಿರಿಯರ ರೂಢಿಯ ಹಿಂದೆ ಈ ಕಾರಣವಿದೆ. ಅರ್ಥ್ ಇಲ್ಲದ ಪೆಟ್ಟಿಗೆಯ ಗುರುತು ಸುಲಭ: ಅದರ ಮೇಲೆ ಕೈ ಇಟ್ಟರೆ ಹಮ್ ಕಡಿಮೆಯಾಗುತ್ತದೆ, ತೆಗೆದರೆ ಹೆಚ್ಚುತ್ತದೆ. ಬೆರಳಿಗೆ ಸಣ್ಣಗೆ ಝುಂ ಎನಿಸಿದರೂ ಪೆಟ್ಟಿಗೆಯನ್ನು ಬದಿಗಿಟ್ಟು ಮೊದಲು ವೈರ್‌ಮನ್‌ನನ್ನು ಕರೆಸಬೇಕು.

ಟ್ಯಾಂಕಿ ಚಿಕ್ಕದಾದರೆ

ನಮ್ಮೂರಿನ ನಲ್ಲಿಯಲ್ಲಿ ನೀರು ದಿನವಿಡೀ ಬರುವುದಿಲ್ಲ. ಬಂದ ಹೊತ್ತಿನಲ್ಲಿ ಟ್ಯಾಂಕಿ ತುಂಬಿಸಿಕೊಂಡು, ಬಾರದ ಹೊತ್ತಿನಲ್ಲಿ ಅದರಿಂದಲೇ ಬಳಸುತ್ತೇವೆ. ಟ್ಯಾಂಕಿ ದೊಡ್ಡದಿದ್ದರೆ ಮಟ್ಟ ಹೆಚ್ಚು ಇಳಿಯುವುದಿಲ್ಲ. ಪವರ್ ಸಪ್ಲೈನಲ್ಲಿ ನಡೆಯುವುದೂ ಇದೇ. ರೆಕ್ಟಿಫೈಯರ್ ಎಂಬ ಭಾಗ ಓಲಾಡುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹಿಂದೆ ಹೋಗುವ ಅರ್ಧವನ್ನೂ ಮುಂದಕ್ಕೇ ಮಡಚುವುದರಿಂದ 50 ಓಲಾಟಗಳು ಸೆಕೆಂಡಿಗೆ 100 ಅಲೆಗಳಾಗುತ್ತವೆ. ಪವರ್ ಸಪ್ಲೈನ ಹಮ್ 100 ಹರ್ಟ್ಸ್‌ನದಾಗಿರುವುದು ಇದರಿಂದ. ಆ ಅಲೆಗಳಿಂದ ತುಂಬಿಕೊಳ್ಳುವ ಟ್ಯಾಂಕಿಯೇ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್.

ಲೆಕ್ಕ ಹೀಗಿದೆ. ಆಂಪ್ಲಿಫೈಯರ್ 40 ಮಿಲಿಆಂಪಿಯರ್ ಎಳೆಯುತ್ತಿದ್ದು ಮೊದಲ ಕಂಡೆನ್ಸರ್ 100 ಮೈಕ್ರೊಫ್ಯಾರಡ್‌ನದಾದರೆ ಅದರ ಮಟ್ಟ ಪ್ರತಿ ಅಲೆಗೂ ಸುಮಾರು 4 ವೋಲ್ಟ್ ಏರಿಳಿಯುತ್ತದೆ. ಒಂದು ಮಿಲಿವೋಲ್ಟ್ ಕೇಳುವ ಕಿವಿಗೆ 4 ವೋಲ್ಟ್ ಎಂದರೆ ನಾಲ್ಕು ಸಾವಿರ ಪಟ್ಟು. ಆದ್ದರಿಂದ ಅದರ ಮುಂದೆ 1 ಕಿಲೊ ಓಮ್ ರೆಸಿಸ್ಟರ್, ಇನ್ನೊಂದು 100 ಮೈಕ್ರೊಫ್ಯಾರಡ್ ಇಡುತ್ತಾರೆ. ಈ ಜೋಡಿ 100 ಹರ್ಟ್ಸ್‌ನ ಏರಿಳಿತವನ್ನು ಸುಮಾರು 63ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, 4 ವೋಲ್ಟ್ 64 ಮಿಲಿವೋಲ್ಟ್‌ಗೆ ಬರುತ್ತದೆ. ಇಂಥದೇ ಇನ್ನೊಂದು ಜೋಡಿ ಸೇರಿದರೆ ಒಂದು ಮಿಲಿವೋಲ್ಟ್ ಆಸುಪಾಸು. ಒಂದರ ಹಿಂದೊಂದು ಜರಡಿ ಹಿಡಿದಂತೆ ಇದು. ಒಂದು ಜರಡಿ ಹರಿದರೂ ಅಷ್ಟೂ ಹಮ್ ನೇರ ಕಿವಿಗೆ ಬರುತ್ತದೆ.

ಜರಡಿ ಹರಿಯುವುದು ಹೇಗೆ? ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಒಳಗೆ ದ್ರವವಿರುತ್ತದೆ, ಅದು ವರ್ಷಗಳಲ್ಲಿ ಒಣಗುತ್ತದೆ. ಬಿಸಿ 10 ಡಿಗ್ರಿ ಹೆಚ್ಚಿದಂತೆಲ್ಲ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ಬಳಕೆಯಲ್ಲಿರುವ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕಂಡೆನ್ಸರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬಹುದಾದರೆ, 85 ಡಿಗ್ರಿಯಲ್ಲಿ 8,000 ಗಂಟೆಗೆ ಮುಗಿಯುತ್ತದೆ. ಹೊರಗೇ 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ, ಕಾದ ಟ್ಯೂಬಿಗೆ ಒತ್ತಿ ಕೂರಿಸಿದ ಕಂಡೆನ್ಸರ್‌ನ ಸ್ಥಿತಿಯನ್ನು ಇದರಿಂದ ಊಹಿಸಬಹುದು. ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಕಲೆಯಿದ್ದರೆ ಅದು ಕೆಟ್ಟಿದೆ. ಏನೂ ಕಾಣದೆಯೂ ಕೆಟ್ಟಿರಬಹುದು.

ಬದಲಿಸುವಾಗ ವೋಲ್ಟೇಜ್ ಮೊದಲಿನಷ್ಟೇ ಅಥವಾ ಅದಕ್ಕಿಂತ ಹೆಚ್ಚಿನದಿರಲಿ, 105 ಡಿಗ್ರಿಯದನ್ನೇ ಆರಿಸಿ, ಧನ ಋಣ ಕಾಲುಗಳನ್ನು ತಪ್ಪಿಸಬೇಡಿ. ಟ್ಯೂಬ್ ರೆಕ್ಟಿಫೈಯರ್ ಇರುವ ಪೆಟ್ಟಿಗೆಯಾದರೆ ಮೊದಲ ಟ್ಯಾಂಕಿಯನ್ನು ಮನಸ್ಸಿಗೆ ಬಂದಷ್ಟು ದೊಡ್ಡದು ಮಾಡುವಂತಿಲ್ಲ. ಅದನ್ನು ತುಂಬಿಸುವ ಎಳೆತಕ್ಕೆ ಟ್ಯೂಬ್ ಸೋಲುತ್ತದೆ. ಇಝೆಡ್81 ಎಂಬ ರೆಕ್ಟಿಫೈಯರ್ ಟ್ಯೂಬಿಗೆ 50, ಜಿಝೆಡ್34 ಎಂಬುದಕ್ಕೆ 60 ಮೈಕ್ರೊಫ್ಯಾರಡ್ ಮಿತಿ.

ಹೀಟರ್‌ನಿಂದ ಸೋರುವ ಹಮ್

ಹೀಟರ್‌ಗೆ ಸಾಮಾನ್ಯವಾಗಿ 6.3 ವೋಲ್ಟ್ ಬೇಕು. ವೋಲ್ಟೇಜ್ ಚಿಕ್ಕದಾದರೂ ಕರೆಂಟ್ ದೊಡ್ಡದು: 6080 ಎಂಬ ದೊಡ್ಡ ಟ್ಯೂಬಿನ ಹೀಟರ್ ಒಂದೇ 2.5 ಆಂಪಿಯರ್ ಎಳೆಯುತ್ತದೆ. ಇಷ್ಟು ಓಲಾಡುವ ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಹಗ್ಗದಂತೆ ಬಿಗಿಯಾಗಿ ಹೊಸೆದರೆ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಕಿಟ್ ಜೋಡಿಸುವವರು ಅವಸರದಲ್ಲಿ ಬಿಡುವ ಕೆಲಸ ಇದೇ.

ಇನ್ನೊಂದು ಕ್ರಮವಿದೆ. ಹೀಟರ್ ಸುತ್ತನ್ನು ನೆಲಕ್ಕೆ ಸೇರಿಸದೆ ತೇಲಲು ಬಿಟ್ಟರೆ ಹಮ್ ಹೆಚ್ಚುತ್ತದೆ. ಎರಡು ತಂತಿಗಳಿಂದಲೂ ತಲಾ 100 ಓಮ್‌ನ ರೆಸಿಸ್ಟರ್ ಇಟ್ಟು, ಅವು ಕೂಡುವ ಜಾಗವನ್ನು ಅರ್ಥ್‌ಗೆ ಸೇರಿಸಿದರೆ, ಒಂದು ತಂತಿ ಏರಿದಷ್ಟೇ ಇನ್ನೊಂದು ಇಳಿದು, ಎರಡೂ ಪರಸ್ಪರ ಸರಿದೂಗುತ್ತವೆ. ಆ ಕೂಡುವ ಜಾಗಕ್ಕೆ 30ರಿಂದ 60 ವೋಲ್ಟ್‌ನ ನೇರ ವಿದ್ಯುತ್ ಕೊಟ್ಟು ಹೀಟರನ್ನು ಕ್ಯಾಥೋಡಿಗಿಂತ ಮೇಲೆತ್ತಿದರೆ, ಹೀಟರ್‌ನಿಂದ ಕ್ಯಾಥೋಡಿಗೆ ಜಿಗಿಯುವ ಎಲೆಕ್ಟ್ರಾನುಗಳ ಸೋರಿಕೆಯೂ ನಿಲ್ಲುತ್ತದೆ. ಟ್ಯೂಬಿನ ಒಳಗೇ ಹೀಟರ್ ಮತ್ತು ಕ್ಯಾಥೋಡ್ ನಡುವಿನ ನಿರೋಧ ಕೆಟ್ಟಿದ್ದರೆ ಟ್ಯೂಬ್ ಬದಲಿಸುವುದೇ ದಾರಿ.

ಬಚ್ಚಲ ನೀರು, ಕುಡಿಯುವ ನೀರು

ಕಿಟ್‌ಗಳಲ್ಲಿ ಇನ್ನೊಂದು ತಪ್ಪು ಸಿಗುತ್ತದೆ. ಅರ್ಥ್ ಎಂದರೆ ಅರ್ಥ್, ಎಲ್ಲಿ ಸೇರಿಸಿದರೇನು ಎಂದು ಹತ್ತಿರದ ಜಾಗಕ್ಕೆ ಬೆಸುಗೆ ಹಾಕಿಬಿಡುವುದು. ಮೊದಲ ಕಂಡೆನ್ಸರ್ ತುಂಬುವಾಗ ಅದರ ಅರ್ಥ್ ತಂತಿಯಲ್ಲಿ ಚೂಪಾದ ಹೊಡೆತಗಳಾಗಿ ವಿದ್ಯುತ್ ಹರಿಯುತ್ತದೆ. 0.3 ಆಂಪಿಯರ್‌ನ ಹೊಡೆತವೊಂದು 0.01 ಓಮ್‌ನ ತಂತಿಯಲ್ಲಿ ಹರಿದರೂ 3 ಮಿಲಿವೋಲ್ಟ್ ಹುಟ್ಟುತ್ತದೆ. ಅದೇ ತಂತಿಯ ತುದಿಗೆ ಇನ್‌ಪುಟ್‌ನ ಅರ್ಥ್ ಸೇರಿದ್ದರೆ ಆ 3 ಮಿಲಿವೋಲ್ಟ್ ಹಾಡಿನ ಜತೆ ಬೆರೆತು, ಟ್ಯೂಬಿನಲ್ಲಿ ಹಿಗ್ಗಿ ಹೊರಬರುತ್ತದೆ. ಬಚ್ಚಲ ನೀರೂ ಕುಡಿಯುವ ನೀರೂ ಒಂದೇ ಕೊಳವೆಯಲ್ಲಿ ಹೋಗಬಾರದು ಎಂಬುದಷ್ಟೇ ಇದರ ನಿಯಮ. ಮೊದಲ ಕಂಡೆನ್ಸರ್‌ನ ಋಣ ಕಾಲು ಮತ್ತು ರೆಕ್ಟಿಫೈಯರ್ ನೇರವಾಗಿ ತಮ್ಮಲ್ಲೇ ಸೇರಬೇಕು. ಉಳಿದ ಅರ್ಥ್‌ಗಳು ಅದರ ಮುಂದಿನ ಕಂಡೆನ್ಸರ್‌ನಿಂದ ಸಾಲಾಗಿ ಹೊರಡಬೇಕು, ಇನ್‌ಪುಟ್‌ನ ಅರ್ಥ್ ಎಲ್ಲಕ್ಕಿಂತ ದೂರದ ತುದಿಯಲ್ಲಿರಬೇಕು.

ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರಕ್ಕೆ ದೂರವೇ ಔಷಧ. ಪೆಟ್ಟಿಗೆಯನ್ನು ಕೂಲರ್, ಸ್ಟೆಬಿಲೈಜರ್, ಇನ್ವರ್ಟರ್‌ಗಳಿಂದ ಒಂದು ಮೀಟರ್ ಸರಿಸಿ ನೋಡಿ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೊಳಗೇ ಇದ್ದರೆ ಸ್ಕ್ರೂ ಸಡಿಲಿಸಿ, ಅದನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಹಮ್ ಅತಿ ಕಡಿಮೆಯಿರುವ ದಿಕ್ಕಿನಲ್ಲಿ ಬಿಗಿಯಬಹುದು. ಪ್ರತಿ ಸಲವೂ ವಿದ್ಯುತ್ ಆರಿಸಿಯೇ ತಿರುಗಿಸಬೇಕು.

ಮಾಸ್ತರರ ಪೆಟ್ಟಿಗೆ

ಅವರ ಪೆಟ್ಟಿಗೆಯ ಮೇಲೆ ಕೈ ಇಟ್ಟಾಗ ಹಮ್ ಕಡಿಮೆಯಾಗುತ್ತಿತ್ತು. ಮಾಳಿಗೆಯ ಕೋಣೆಯ ಸಾಕೆಟ್ ಬಿಚ್ಚಿಸಿದಾಗ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ವೈರ್‌ಮನ್ ಹೊಸ ತಂತಿ ಎಳೆದು, ಒಣಗಿದ್ದ ಗುಂಡಿಗೆ ಎರಡು ದಿನ ನೀರು ಹೊಯ್ಸಿದ ಮೇಲೆ ಆ ಸದ್ದು ಹೋಯಿತು, ಆದರೆ ಅಲ್ಲಿಯ ತನಕ ಕೇಳದಿದ್ದ 100 ಹರ್ಟ್ಸ್‌ನ ಗಡುಸು ದನಿಯೊಂದು ಮೇಲೆದ್ದಿತು. ಇದರಿಂದ ಗಾಬರಿಯಾಗಬೇಕಿಲ್ಲ. ಎರಡು ಹಮ್‌ಗಳಲ್ಲಿ ದೊಡ್ಡದು ಚಿಕ್ಕದನ್ನು ಮುಚ್ಚುವುದುಂಟು. ಒಂದೇ ಹರ್ಟ್ಸ್‌ನ ಎರಡು ಹಮ್‌ಗಳು ಒಂದಕ್ಕೊಂದು ಎದುರಾಗಿ ಓಲಾಡುತ್ತ ಪರಸ್ಪರ ಅಳಿಸುತ್ತಲೂ ಇರಬಹುದು, ಆಗ ಒಂದನ್ನು ಸರಿಪಡಿಸಿದೊಡನೆ ಒಟ್ಟು ಸದ್ದು ಹೆಚ್ಚೂ ಆಗಬಹುದು. ಹೀಗಾಗಿಯೇ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಬರೆದಿಟ್ಟುಕೊಳ್ಳಬೇಕು. ಸದ್ದು ಹೆಚ್ಚಿತೆಂದು ಸರಿಯಾದ ದುರಸ್ತಿಯನ್ನು ಹಿಂತೆಗೆದುಕೊಂಡವರನ್ನು ನಾನು ನೋಡಿದ್ದೇನೆ.

ಗಡುಸು ದನಿಗೆ ಕಾರಣವಾಗಿದ್ದದ್ದು ಟ್ಯೂಬಿನ ಪಕ್ಕದಲ್ಲೇ ಕೂತಿದ್ದ ಎರಡನೆಯ ಕಂಡೆನ್ಸರ್. ಅದನ್ನು ಬದಲಿಸಿ, ಹೊಸದನ್ನು ಟ್ಯೂಬಿನಿಂದ ನಾಲ್ಕು ಬೆರಳು ದೂರ ಕೂರಿಸಿದೆ. ಆಗ ಎಡಗಿವಿಯಲ್ಲಿ ಮಾತ್ರ ತೆಳುವಾದ 50 ಹರ್ಟ್ಸ್ ಉಳಿಯಿತು. ಟ್ಯೂಬುಗಳನ್ನು ಅದಲುಬದಲು ಮಾಡಿದಾಗ ಅದು ಬಲಗಿವಿಗೆ ಹೋಯಿತು, ಹೊಸ ಟ್ಯೂಬ್ ಬಂದ ಮೇಲೆ ಹೋಗಿಯೇ ಬಿಟ್ಟಿತು. ಯಾವ ಕಂಡೆನ್ಸರ್ ಯಾವ ತಿಂಗಳಲ್ಲಿ ಬದಲಾಯಿತು, ಯಾವ ಟ್ಯೂಬ್ ಯಾವ ಕಡೆ ಇದೆ, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಎಂದು ಬರೆದ ಚೀಟಿಯೊಂದನ್ನು ಪೆಟ್ಟಿಗೆಯ ತಳಕ್ಕೆ ಅಂಟಿಸಿ ಕೊಟ್ಟಿದ್ದೇನೆ.